ಯಾರೂ ಮುಟ್ಟದ ಹಿಮ

ಕಾರು ಮನೆ ಬಾಗಿಲಿಗೆ ಬರಬಾರದೆಂಬ ಒಂದೇ ಕಾರಣಕ್ಕೆ ಸುಹಾಸ್ ಮಗಳಿಗೆ ಜಾಕೆಟ್ಟು, ಟೋಪಿ, ಕೈಗವಸು ಎಲ್ಲ ಬಿಗಿದು, ಬೀದಿಯ ಕೊನೆಯ ಬ್ರೆಡ್ಡಿನಂಗಡಿಯ ಮೂಲೆಗೆ ತಂದು ನಿಲ್ಲಿಸಿಕೊಂಡಿದ್ದ. 'ನಮ್ಮ ಬೀದೀಲಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಮೂಲೇಲೇ ಇರ್ತೀವಿ' ಎಂದು ಹಿಂದಿನ ದಿನವೇ, ಕಾರು ತರಲಿದ್ದ ಯತಿರಾಜನಿಗೆ ಮೆಸೇಜು ಹಾಕಿದ್ದ. ಜಾಗ ಬೇಕಾದಷ್ಟಿತ್ತು. ಭಾನುವಾರದ ಬೆಳಿಗ್ಗೆ ಜರ್ಮನಿಯ ಕಲೋನಿನ ಆ ಬೀದಿಯಲ್ಲಿ ಒಂದು ಮದುವೆ ದಿಬ್ಬಣವನ್ನೇ ತಂದು ನಿಲ್ಲಿಸಬಹುದಿತ್ತು. ತೊಡಕಿದ್ದದ್ದು ಬಾಗಿಲ ಪಕ್ಕದ ಕರೆಗಂಟೆಗಳಲ್ಲಿ. ಈ ದೇಶದಲ್ಲಿ ಫ್ಲಾಟಿಗೆ ನಂಬರು ಹಾಕುವುದಿಲ್ಲ, ಮನೆತನದ ಹೆಸರೇ ವಿಳಾಸ. ಒಂದೊಂದು ಗುಂಡಿಯ ಪಕ್ಕದಲ್ಲೂ ಒಂದೊಂದು ಹೆಸರು: ಮ್ಯೂಲರ್, ಶ್ಮಿಟ್ಸ್, ಯಿಲ್ಮಾಜ್. ಮೇಲಿನ ಸಾಲಿನಲ್ಲಿ, ಮನೆಯೊಡೆಯ ತಾನೇ ಮುತುವರ್ಜಿಯಿಂದ ಅಚ್ಚು ಹಾಕಿಸಿ ಅಂಟಿಸಿದ್ದು: ಕೆಂಪಯ್ಯ. ಮನೆತನದ ಹೆಸರೆಂಬುದೇ ಇಲ್ಲದ ಕೇರಿಯಿಂದ ಬಂದವನ ಪಾಸ್‌ಪೋರ್ಟಿನಲ್ಲಿ ಆ ಖಾಲಿ ಜಾಗಕ್ಕೆ ಅಪ್ಪನ ಹೆಸರು ಹೋಗಿ ಕೂತು, ಇಲ್ಲಿ ಆಫೀಸಿನಲ್ಲಿ, ಹಲ್ಲಿನ ಡಾಕ್ಟರ ಬಳಿ, ಮಗಳ ಶಾಲೆಯಲ್ಲಿ ಎಲ್ಲೆಲ್ಲೂ ಇವನು ಹೆರ್ ಕೆಂಪಯ್ಯ, ಶ್ರೀಮಾನ್ ಕೆಂಪಯ್ಯನವರು. ಊರಿನಲ್ಲಿ ಅಪ್ಪನನ್ನು ಒಬ್ಬ ನರಮನುಷ್ಯನೂ ಕೆಂಪಯ್ಯ ಎಂದು ಕರೆದಿರಲಿಲ್ಲ. ಕೆಂಪ. ಲೇ ಕೆಂಪ. ಅಯ್ಯ ಎಂಬ ಬಾಲವನ್ನು ಮಗನನ್ನು ಶಾಲೆಗೆ ಸೇರಿಸಿದ ದಿನ ಯಾವನೋ ಮೇಷ್ಟ್ರು ಕೈತಪ್ಪಿಯೋ ಕನಿಕರಕ್ಕೋ ಅಂಟಿಸಿದ್ದ. ಆ ಬಾಲವೇ ಏಳು ಸಮುದ್ರ ದಾಟಿ ಬಂದು ಬಾಗಿಲಲ್ಲಿ ಬೋರ್ಡಾಗಿ ಕೂತಿತ್ತು.

"ವಾರುಮ್?" ಎಂದಳು ಇಂಚರ. ಆರು ವರ್ಷದ ಅವಳಿಗೆ ಯಾಕೆ ಎಂಬುದು ಯಾವಾಗಲೂ ಜರ್ಮನ್ನಿನಲ್ಲೇ ಬರುತ್ತಿತ್ತು. "ನಾವ್ ಯಾಕೆ ಮನೆ ಹತ್ರ ನಿಂತಿಲ್ಲ?"

"ಇಲ್ಲಿ ಬ್ರೆಡ್ಡಿನ ವಾಸನೆ ಬರುತ್ತಲ್ಲ, ಅದಕ್ಕೆ."

ಮಗಳು ನಂಬಲಿಲ್ಲ. ನಂಬದ ಮುಖ ಅವಳಿಗೆ ತಾಯಿಯಿಂದ ಬಂದದ್ದು. ನೆಗಡಿಯ ನೆಪ ಹೇಳಿ ಮನೆಯಲ್ಲೇ ಉಳಿದ ಕೀರ್ತಿ, ಇವರು ಹೊರಡುವಾಗ ಹಾಸಿಗೆಯಿಂದಲೇ ಕೂಗಿದ್ದಳು: "ಮಗೂಗೆ ಮಾತ್ರ ಅಲ್ಲ, ನಿನ್ನ ಹೆಸರಿಗೂ ಒಂದು ಟೋಪಿ ಹಾಕ್ಕೊಂಡ್ ಹೋಗು. ಚಳಿ ಜಾಸ್ತಿ."

ಆ ಟೋಪಿಯನ್ನು ತಾನು ಹಾಕಲಿಲ್ಲ, ಅವರೇ ಹಾಕಿದರು ಎಂದು ಸುಹಾಸ್ ತನಗೆ ತಾನೇ ಎಷ್ಟು ಸಲ ವಾದಿಸಿದ್ದನೋ. ಇಗರ್ಜಿಯೊಂದರ ಬಾಡಿಗೆ ಹಾಲಿನಲ್ಲಿ ನಡೆದ ಯುಗಾದಿ ಕೂಟದಲ್ಲಿ ಎದೆಗೆ ಚೀಟಿ ಅಂಟಿಸಿಕೊಂಡು ಪಾಯಸಕ್ಕೆ ನಿಂತಿದ್ದಾಗ ಮೈಸೂರಿನ ಯತಿರಾಜ್ ಬಗ್ಗಿ ಓದಿದ್ದ. "ಸುಹಾಸ್ ಕೆ. ಕೆ ಅಂದ್ರೆ? ಇರಿ ಇರಿ, ಹೇಳ್ಬೇಡಿ. ಕಶ್ಯಪ್! ನಮ್ಮ ಕಾಲೇಜಲ್ಲೂ ಒಬ್ಬ ಸುಹಾಸ್ ಕಶ್ಯಪ್ ಇದ್ದ, ಹೀಗೇ ಮೂಗು." ಮೂಗನ್ನು ಹೊಗಳಿದ ಮೇಲೆ ಮನುಷ್ಯ ಏನು ಮಾಡಬೇಕು? ಸುಹಾಸ್ ನಕ್ಕಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಕ್ಕ ನಗೆಗೆ ಗೋತ್ರ ಸಿಕ್ಕಿತು. ಅಂದಿನಿಂದ ಯತಿರಾಜನ ಫೋನಿನಲ್ಲಿ ಅವನು ಕಶ್ಯಪ್. ಊಟಕ್ಕೆ ಕರೆದರೆ ಕಶ್ಯಪ್, ಮನೆ ಬದಲಿಸುವಾಗ ಹೊರೆ ಹೊರಲು ಕರೆದರೂ ಕಶ್ಯಪ್. ಕರೆದಾಗೆಲ್ಲ ಒಳಗೆ ಒಬ್ಬ ತಲೆ ತಗ್ಗಿಸುತ್ತಿದ್ದ, ಹೊರಗೆ ಇನ್ನೊಬ್ಬ 'ಹೇಳಿ ಸಾರ್' ಎನ್ನುತ್ತಿದ್ದ. ಈ ಇಬ್ಬರಲ್ಲಿ ಯಾರ ಮೇಲೆ ಹೆಚ್ಚು ಹೇಸಿಗೆ ಪಡಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಕಾರು ಬಂತು. ಯತಿರಾಜ್ ಕಿಟಕಿ ಇಳಿಸಿ, "ಹತ್ತು ಗುರು, ಹತ್ತು! ಇವತ್ತು ಬಿಡೋ ಮಾತೇ ಇಲ್ಲ. ಬೆಳಿಗ್ಗೆಯಿಂದ ವೆಬ್‌ಕ್ಯಾಮ್ ನೋಡ್ತಾ ಕೂತಿದೀನಿ. ಸಾವರ್‌ಲಾಂಡ್ ಬೆಟ್ಟದಲ್ಲಿ ಹಿಮ ಬಿದ್ದಿದೆ" ಎಂದ.

"ಹೋದ್ವಾರಾನೂ ಬಿದ್ದಿದೆ ಅಂದ್ರಿ," ಎಂದಳು ಮುಂದಿನ ಸೀಟಿನಲ್ಲಿದ್ದ ಅವನ ಹೆಂಡತಿ ಲಾವಣ್ಯಾ. "ಹೋಗಿ ನೋಡಿದ್ರೆ ಕೆಸರು. ನನ್ನ ಬೂಟು ಇನ್ನೂ ಒಣಗಿಲ್ಲ."

"ಕೆಸರು ನಮಗೆ ಊರಲ್ಲೇ ಬೇಕಾದಷ್ಟು ಉಂಟಲ್ಲ ಲಾವಣ್ಯಕ್ಕ," ಎಂದ ಹಿಂದೆ ಮೂಲೆಯಲ್ಲಿ ಮುದುಡಿದ್ದ ಡೆನಿಸ್. ಉಡುಪಿ ಕಡೆಯವನು, ಒಂಟಿ ಜೀವ, ಎಲ್ಲರ ಕಾರಿನಲ್ಲೂ ಖಾಲಿ ಸೀಟು ತುಂಬುವವನು. "ಅದಕ್ಕೆ ಇಷ್ಟು ಪೆಟ್ರೋಲ್ ಸುಡುವುದು ಎಂತಕ್ಕೆ ಅಂತ."

ಡೆನಿಸ್ ಸರಿದು ಜಾಗ ಕೊಡುತ್ತ ಸುಹಾಸನ ಮುಖ ನೋಡಿ ಕಣ್ಣು ಕಿರಿದು ಮಾಡಿದ. ಹಿಂದೊಮ್ಮೆ ಸುಹಾಸನ ಮನೆಗೆ ಬಟ್ಟೆಯ ಬೀರು ಹೊರಲು ಬಂದಿದ್ದಾಗ ಆ ಕರೆಗಂಟೆ ಒತ್ತಿದವನು ಅವನೇ. ಅವತ್ತೂ ಏನೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆ ಕೇಳದಿರುವಿಕೆಯೇ ಸುಹಾಸನ ಪಕ್ಕೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಹೆದ್ದಾರಿಯುದ್ದಕ್ಕೂ ಬೂದಿ ಬಣ್ಣದ ಸೋನೆ. ಕಲೋನಿಗೆ ಹಿಮ ಬೀಳುವುದು ಬಿಟ್ಟು ಎಷ್ಟೋ ಚಳಿಗಾಲಗಳಾಗಿದ್ದವು. ಬಿದ್ದರೂ ನೆಲ ಮುಟ್ಟುವಷ್ಟರಲ್ಲಿ ಮನಸ್ಸು ಬದಲಿಸಿ ನೀರಾಗುತ್ತಿತ್ತು. ಆದರೆ ಜರ್ಮನಿಯಲ್ಲಿದ್ದೂ ಹಿಮದಲ್ಲಿ ನಿಂತ ವಿಡಿಯೊ ಇಲ್ಲ ಎಂದರೆ ಮೈಸೂರಿನಲ್ಲಿ ನಂಬುವವರಾರು? ಅತ್ತೆಗೆ ತೋರಿಸಬೇಕು, ಷಡ್ಡಕನಿಗೆ ತೋರಿಸಬೇಕು, ಮುಖ್ಯವಾಗಿ ಕೆನಡಾಕ್ಕೆ ಹೋಗಿ ಮನೆ ಮುಂದೆಯೇ ಆಳೆತ್ತರದ ಹಿಮ ಕಂಡವನಿಗೆ ತೋರಿಸಬೇಕು. ಹಾಗಾಗಿ ಚಳಿಗಾಲದ ಭಾನುವಾರಗಳಲ್ಲಿ ಇವರೆಲ್ಲ ಹೀಗೆ ಹಿಮದ ಬೇಟೆಗೆ ಹೊರಡುತ್ತಿದ್ದರು, ಕಳೆದುಹೋದ ಎಮ್ಮೆ ಹುಡುಕುವವರ ಹಾಗೆ. ಯತಿರಾಜನಿಗೆ ಬರೇ ಹಿಮ ಸಾಲದು. "ಈ ಜನ ಎಲ್ಲಾ ತುಳಿದು ರೊಚ್ಚೆ ಮಾಡಿರ್ತಾರಲ್ಲ, ಅದು ನಂಗೆ ಬೇಡ," ಎಂದು ಸ್ಟೀರಿಂಗ್ ಬಿಟ್ಟು ಕೈಯಾಡಿಸಿದ. "ಯಾರೂ ಮುಟ್ಟಿರಬಾರದು. ಒಂದು ಹೆಜ್ಜೆ ಗುರುತು ಇರಬಾರದು. ಪ್ಯೂರ್. ನಾವೇ ಫಸ್ಟು ಕಾಲಿಡಬೇಕು. ಏನಂತೀಯ ಕಶ್ಯಪ್?"

"ಹೌದು ಸಾರ್," ಎಂದ ಸುಹಾಸ್. ಯಾರೂ ಮುಟ್ಟಿರಬಾರದು ಎಂಬ ಆ ಮಾತು ಅವನ ಕಿವಿಯಲ್ಲಿ ಊರಿನ ಮೇಲಿನ ಬೀದಿಯ ನಡುಮನೆಯಿಂದ, ಮಡಿಯುಟ್ಟ ಮುದುಕಿಯೊಬ್ಬಳ ಗಂಟಲಿನಿಂದ ಬಂದಂತಾಯಿತು.

"ಇಂಚರಾ," ಎಂದು ಲಾವಣ್ಯಾ ತಿರುಗಿದಳು, "ನಿಮ್ಮ ಸ್ಕೂಲಲ್ಲಿ ಮಿಸ್ಸು ನಿನ್ನ ಏನಂತ ಕರೀತಾರೆ ಪುಟ್ಟಾ? ಪೂರ್ತಿ ಹೆಸರು ಹೇಳು ನೋಡೋಣ."

ಮಗು ಬೆನ್ನು ನೆಟ್ಟಗೆ ಮಾಡಿಕೊಂಡಿತು. ಪೂರ್ತಿ ಹೆಸರು ಹೇಳುವುದೆಂದರೆ ಅದಕ್ಕೆ ಹಬ್ಬ. ಈ ದೇಶದಲ್ಲಿ ಫೋನು ಎತ್ತಿದರೆ ಹಲೋ ಎನ್ನುವುದಿಲ್ಲ, ಮನೆತನದ ಹೆಸರು ಹೇಳುತ್ತಾರೆ. ಶಾಲೆಯಲ್ಲಿ ಅದನ್ನು ಆಟವಾಗಿ ಕಲಿತುಬಂದು ಮನೆಯಲ್ಲಿ ಬಾಳೆಹಣ್ಣನ್ನು ಕಿವಿಗಿಟ್ಟುಕೊಂಡು 'ಕೆಂಪಯ್ಯ!' ಎಂದು ಗತ್ತಿನಿಂದ ಉತ್ತರಿಸುವುದು ಅವಳ ಈಚಿನ ಚಟ. ಅವಳು ಬಾಯಿ ತೆರೆದಳು. ಸುಹಾಸ್ ಆ ಬಾಯಿಗೆ ಒಂದು ಬಿಸ್ಕತ್ತು ತುರುಕಿದ. ತುರುಕಿದ ರಭಸಕ್ಕೆ ಅದು ಮುರಿದು ಅರ್ಧ ಮಡಿಲಿಗೆ ಬಿತ್ತು. "ಬೆಳಿಗ್ಗೆ ಏನೂ ತಿಂದಿಲ್ಲ ಅದು," ಎಂದ. ಮಗು ಅಗಿಯದೆ, ಬಿಸ್ಕತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಅಪ್ಪನನ್ನು ನೋಡಿತು. ಡೆನಿಸ್ ಕಿಟಕಿಯ ಕಡೆ ತಿರುಗಿ ಇಲ್ಲದ ಕೆಮ್ಮು ಕೆಮ್ಮಿದ.

ಬೆಟ್ಟ ಬಂದಾಗ ನಗು ಬರುವಂತಿತ್ತು. ಸುತ್ತ ಕಣ್ಣು ಹಾಯುವವರೆಗೆ ಕಂದು ಹುಲ್ಲು, ಒದ್ದೆ ಫರ್ ಮರ. ನಡುವೆ ಮೇಲಿಂದ ಕೆಳಕ್ಕೆ ಒಂದೇ ಒಂದು ಬಿಳಿ ಪಟ್ಟಿ, ಹುಣ್ಣಿಗೆ ಸುತ್ತಿದ ಬ್ಯಾಂಡೇಜಿನಂತೆ. ಯಂತ್ರದ ಬಾಯಿಂದ ಉಗಿಸಿದ ಹಿಮ. ಅದನ್ನು ಮುತ್ತಿಕೊಂಡು ಇಡೀ ಕಲೋನು, ಅರ್ಧ ಹಾಲೆಂಡು. ವಾರವೆಲ್ಲ ಹೀಟರಿನ ಉಷ್ಣಾಂಶಕ್ಕೆ ಜಗಳವಾಡಿದ ಜನ ಇಲ್ಲಿ ಚಳಿಯನ್ನು ಪ್ರಸಾದದಂತೆ ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ಮಕ್ಕಳು ಮರದ ಜಾರುಬಂಡಿಗಳ ಮೇಲೆ ಕೂತು ಇಳಿಯುತ್ತ, ಅಡ್ಡ ಬಂದವರಿಗೆ "ಬಾನ್ ಫ್ರೈ! ಬಾನ್ ಫ್ರೈ!" ಎಂದು ಕಿರುಚುತ್ತಿದ್ದವು.

"ಏನಂದ್ರೆ ಅದು?" ಎಂದು ಲಾವಣ್ಯಾ ಕೇಳಿದ್ದಕ್ಕೆ ಇಂಚರ, ದಡ್ಡರಿಗೆ ಹೇಳುವವಳಂತೆ, "ದಾರಿ ಬಿಡಿ ಅಂತ," ಎಂದಳು.

ದಾರಿ ಬಿಡಿ. ಸುಹಾಸ್ ಬೆಟ್ಟದ ಮೇಲಿನ ಕೌಂಟರಿನಿಂದ ಬಾಡಿಗೆಗೆ ತಂದ ಜಾರುಬಂಡಿಯ ಹಗ್ಗ ಕೈಗೆ ಸುತ್ತಿಕೊಂಡು ಮತ್ತೆ ಏರು ಹತ್ತುತ್ತಿದ್ದ. ಊರಿನಲ್ಲಿ, ಮೇಲಿನ ಬೀದಿಯ ತಿರುವಿನಲ್ಲಿ ಅಪ್ಪ ನಿಲ್ಲುತ್ತಿದ್ದ. ಕಂದಾಯ ಕಟ್ಟುವ ಕಡೆಯ ದಿನ, ದನಗಳಿಗೆ ಚುಚ್ಚುಮದ್ದು, ಪಂಚಾಯ್ತಿ ಸಭೆ, ಏನಿದ್ದರೂ ತಮಟೆ ಬಡಿದು ಸಾರುವವನು ಅವನೇ. ಗಂಟಲೆಂದರೆ ಗಂಟಲು, ಕೆರೆಯಾಚೆಗೂ ಕೇಳಿಸುವಂಥದು. ಆದರೆ ಆ ತಿರುವಿನಲ್ಲಿ ತಮಟೆ ನಿಲ್ಲಿಸಿ, ಚಪ್ಪಲಿ ಕಳಚಿ ಕಂಕುಳಿಗಿಟ್ಟು, ಆ ಗಂಟಲನ್ನು ಹಿಂಡಿ ಸಣ್ಣದು ಮಾಡಿಕೊಂಡು, "ಬುದ್ದೀ, ಕೆಂಪ ಬತ್ತಾವ್ನೆ" ಎಂದು ಕೂಗುತ್ತಿದ್ದ; ಒಳಗಿನವರು ಜಗಲಿಯಿಂದ ಎದ್ದು ಸರಿಯಲೆಂದು, ಒಣಹಾಕಿದ ಮಡಿಬಟ್ಟೆ ಎಳೆದುಕೊಳ್ಳಲೆಂದು. ಸುಹಾಸ್ ಕಾಣುವ ಹೊತ್ತಿಗೆ ಹಾಗೆ ಕೂಗೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ಕಾನೂನಿತ್ತು, ಸಂಘದ ಹುಡುಗರಿದ್ದರು. ಆದರೂ ಅಪ್ಪ ಕೂಗುತ್ತಿದ್ದ. ಹಿಂದೆ ನಿಂತ ಹುಡುಗ ಅಪ್ಪನ ಹಿಮ್ಮಡಿಯ ಬಿರುಕನ್ನೇ ನೋಡುತ್ತ, ನಾನು ದೊಡ್ಡವನಾದರೆ ಯಾವ ತಿರುವಿನಲ್ಲೂ ನಿಲ್ಲುವುದಿಲ್ಲ ಎಂದು ಹಲ್ಲು ಕಚ್ಚಿದ್ದ. ದೊಡ್ಡವನಾದ. ಇವತ್ತು ಬೆಳಿಗ್ಗೆ ಬ್ರೆಡ್ಡಿನಂಗಡಿಯ ತಿರುವಿನಲ್ಲಿ ನಿಂತಿದ್ದ. ಅಪ್ಪನಾದರೂ ತನ್ನ ಹೆಸರು ಹೇಳಿಕೊಂಡು ನಿಂತಿದ್ದ.

"ಗುರು! ಸಿಕ್ತು!" ಯತಿರಾಜ್ ಮರಗಳ ಅಂಚಿನಿಂದ ಕೈಬೀಸಿದ. ಪಟ್ಟಿಯ ಪಕ್ಕದ ಒಂದು ತಗ್ಗಿನಲ್ಲಿ ಯಂತ್ರ ಎರಚಿದ ಹಿಮ ಗುಡ್ಡೆಯಾಗಿ, ಕೋಣೆಯಷ್ಟು ಜಾಗ ನಿಜಕ್ಕೂ ಹೆಜ್ಜೆಯಿಲ್ಲದೆ ಉಳಿದಿತ್ತು. "ನೀನು ಫೋನ್ ಹಿಡಿ. ನಾವಿಬ್ರೂ ಆ ಕಡೆಯಿಂದ ನಡ್ಕೊಂಡ್ ಬರ್ತೀವಿ. ಕಾರ್ ಪಾರ್ಕ್ ಕಾಣಬಾರದು. ಹುಲ್ಲು ಕಾಣಬಾರದು. ಡೆನಿಸ್, ನೀನು ಫ್ರೇಮಿಂದ ಆಚೆ ಹೋಗಪ್ಪ."

"ನಾನು ಹುಟ್ಟಿದಾಗಿನಿಂದ ಆಚೆಯೇ ಇರುವುದು ಮಾರಾಯ," ಎಂದ ಡೆನಿಸ್ ಸರಿಯುತ್ತ.

ಲಾವಣ್ಯಾ ಜಾಕೆಟ್ಟು ಬಿಚ್ಚಿ ಸೀರೆಯ ಸೆರಗು ಹಾರಿಸಿದಳು; ಕೆಳಗೆ ಬೂಟು, ಒಳಗೆ ಥರ್ಮಲ್. ಮೊದಲ ಸಲ ಅವಳು ಜಾರಿದಳು. ಎರಡನೆಯ ಸಲ ಯತಿರಾಜನ ಕೈಚೀಲ ಕಂಡಿತು. ಆಗಲೇ ತುಳಿದದ್ದರಿಂದ ಜಾಗ ಹೊಲಸಾಯಿತೆಂದು ಇನ್ನೊಂದು ಮಗ್ಗುಲಿಗೆ ಸರಿದರು. ಸುಹಾಸ್ ಒಂದು ಕಣ್ಣು ಮುಚ್ಚಿ, ಮಂಡಿಯೂರಿ, ಬಿಳಿಯ ಚೌಕಟ್ಟಿನೊಳಗೆ ಆ ದಂಪತಿಯನ್ನು ಅಲುಗದಂತೆ ಹಿಡಿದಿದ್ದ. ಒಳ್ಳೆಯ ಆಳಿಗೆ ಇರಬೇಕಾದ ಎಲ್ಲ ಗುಣಗಳೂ ತನಗೆ ರಕ್ತದಲ್ಲೇ ಬಂದಿವೆ ಎಂದುಕೊಂಡ. ಮಂಡಿಯಡಿಯ ಹಿಮ ಕರಗಿ ಪ್ಯಾಂಟಿನೊಳಕ್ಕೆ ಇಳಿಯುತ್ತಿತ್ತು. ಎದ್ದು ತಿರುಗಿದಾಗ ಹಗ್ಗ ಕೈಯಲ್ಲಿತ್ತು, ಜಾರುಬಂಡಿ ಇತ್ತು. ಇಂಚರ ಇರಲಿಲ್ಲ.

ಮಗಳನ್ನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಕಂಬಗಳ ಮೇಲಿನ ಧ್ವನಿವರ್ಧಕಗಳು ಗೊರಗುಟ್ಟಿದವು. ಹೆಂಗಸೊಬ್ಬಳ ಜರ್ಮನ್ ದನಿ: "ಹೆರ್ ಕೆಂಪಾಯಾ, ದಯವಿಟ್ಟು ಬಾಡಿಗೆ ಕೌಂಟರಿಗೆ ಬನ್ನಿ. ನಿಮ್ಮ ಮಗಳು ಇಲ್ಲಿ ಕಾಯುತ್ತಿದ್ದಾಳೆ." ಒಡನೆಯೇ, ಅದರ ಮೇಲೆ ಹಾರಿಬಿದ್ದ ಒಂದು ಎಳೆ ದನಿ, ತಗಡಿನಲ್ಲಿ ಸೋಸಿ ಬಂದಂತೆ ಬದಲಾಗಿದ್ದ ದನಿ, ಅಲ್ಲವೆಂದು ತಿದ್ದಿತು: "ನೈನ್! ಕೆಂಪಯ್ಯ! ಯ್ಯ! ಯ್ಯ!" ಹೆಂಗಸು ನಕ್ಕು ತಿದ್ದಿಕೊಂಡಳು. "ಕ್ಷಮಿಸಿ. ಹೆರ್ ಕೆಂಪಯ್ಯ."

ಇಡೀ ಬೆಟ್ಟಕ್ಕೆ ಕೇಳಿಸಿತು. ಯತಿರಾಜ್ ಸೊಂಟಕ್ಕೆ ಕೈಕೊಟ್ಟು ಕಣ್ಣರಳಿಸಿ, "ಕೇಳಿಸ್ಕೊಂಡ್ಯಾ ಗುರು? ಕೆಂಪಯ್ಯ ಅಂತೆ!" ಎಂದು ಪಕಪಕ ನಕ್ಕ. "ಇಲ್ಲಿಗೂ ಬಂದ್ರಲ್ಲಪ್ಪ! ಯಾವ ಕೋಟಾದಲ್ಲಿ ಬಂದನೋ ಮಹರಾಯ. ಹೆರ್ ಕೆಂಪಯ್ಯ!"

"ಸುಮ್ನಿರಿ, ಯಾರಾದ್ರೂ ಕೇಳಿಸ್ಕೊಂಡಾರು," ಎಂದಳು ಲಾವಣ್ಯಾ. ಅವಳೂ ನಗುತ್ತಿದ್ದಳು.

ಸುಹಾಸ್ ಹೊರಡಬೇಕಿತ್ತು. ಅವನ ಮಗು, ಆರು ವರ್ಷದ್ದು, ಅಪರಿಚಿತರ ನಡುವೆ ನಿಂತು ಅಪ್ಪನ ಹೆಸರನ್ನು ತಿದ್ದುತ್ತಿತ್ತು. ಅವನು ಹೊರಡಲಿಲ್ಲ. ನಿಂತ ಜಾಗದಲ್ಲೇ ಅವನ ಮುಖ ತಾನಾಗಿ ನಕ್ಕಿತು. ಆ ಹಳೆಯ ನಗೆ, ಹೌದೂ ಅಲ್ಲ ಅಲ್ಲವೂ ಅಲ್ಲದ್ದು, ಯುಗಾದಿಯ ಹಾಲಿನಿಂದ ನೇರ ಎದ್ದುಬಂದು ತುಟಿಯ ಮೇಲೆ ಕೂತಿತು. ತನ್ನ ಅಪ್ಪನ ಹೆಸರಿಗೆ ಜನ ನಗುತ್ತಿದ್ದಾರೆ, ಜೊತೆಗೆ ತಾನೂ ನಗುತ್ತಿದ್ದೇನೆ ಎಂಬುದು ಅವನಿಗೆ ಹಲ್ಲಿಗೆ ತಣ್ಣನೆ ಗಾಳಿ ಸೋಕಿದಾಗ ತಿಳಿಯಿತು. ಎರಡನೆಯ ಸಲ ಕೂಗಿದರು. ನಡೆದರೆ ಇವರಿಗೆ ಗೊತ್ತಾಗುತ್ತದೆ. ನಡೆಯದಿದ್ದರೆ ಅಲ್ಲಿ ಮಗು. ಈ ತಕ್ಕಡಿಯನ್ನು ಹಿಡಿದು ನಿಂತ ಕೈ ತನ್ನದೇ ಎಂದು ನಂಬಲಾಗದೆ ಅವನು ಕೈಗವಸನ್ನು ನೋಡಿಕೊಂಡ.

ಡೆನಿಸ್ ಹತ್ತಿರ ಬಂದು ಯತಿರಾಜನ ಫೋನನ್ನು ಸುಹಾಸನ ಕೈಯಿಂದ ತೆಗೆದುಕೊಂಡ. "ವಿಡಿಯೊ ನಾನು ಮಾಡುವೆ," ಎಂದ, ತಗ್ಗಿದ ದನಿಯಲ್ಲಿ. "ನೀನು ಹೋಗು ಮಾರಾಯ. ಮಗು ಅಳುವ ಮೊದಲು ಹೋಗು."

"ಒಂದ್ ನಿಮಿಷ ಸಾರ್, ಬಾತ್‌ರೂಮಿಗೆ..." ಎಂದ ಸುಹಾಸ್. ಇದನ್ನೂ ಹೇಳಿದ. ಹೇಳಿ, ಕೌಂಟರಿನ ನೇರ ದಾರಿ ಬಿಟ್ಟು, ಮರಗಳ ಹಿಂದಿನ ಸುತ್ತುದಾರಿ ಹಿಡಿದು, ಬೀಳುತ್ತ ಏಳುತ್ತ ಓಡಿದ. ಜಾರುಬಂಡಿ ಹಿಂದೆ ಬೇರುಗಳಿಗೆ ಬಡಿಯುತ್ತ ತಮಟೆಯಂತೆ ಸದ್ದು ಮಾಡುತ್ತ ಬಂತು.

ಕೌಂಟರ್ ಎಂದರೆ ಬೆಟ್ಟದ ತಲೆಯ ಮೇಲಿನ ಒಂದು ಮರದ ಗೂಡು. ಕಿಟಕಿಯೊಳಗೆ ಎತ್ತರದ ಸ್ಟೂಲಿನ ಮೇಲೆ ಇಂಚರ ಕೂತಿದ್ದಳು. ಅಳುತ್ತಿರಲಿಲ್ಲ. ಕೈಯಲ್ಲಿ ಯಾರೋ ಕೊಟ್ಟ ಬಿಸಿ ಚಾಕೊಲೇಟಿನ ಕಪ್ಪು.

"ನಿನ್ನ ಹೆಸರು ಕೇಳಿಸ್ಲಿಲ್ವಾ?" ಎಂದಳು, ಕನ್ನಡದಲ್ಲಿ.

ಅವನು ಕೈ ಚಾಚಿದ. ಕೌಂಟರಿನ ನಡುವಯಸ್ಸಿನ ಹೆಂಗಸು ಅಡ್ಡ ಕೈ ಇಟ್ಟಳು. ಒರಟಾಗಿ ಅಲ್ಲ, ಮಗುವನ್ನು ಯಾರಿಗೆ ಒಪ್ಪಿಸುತ್ತಿದ್ದೇನೆಂದು ತಿಳಿಯದೆ ಒಪ್ಪಿಸದವಳ ಕೈ. "ನಿಮ್ಮ ಹೆಸರು?"

"ಸುಹಾಸ್."

ಅವಳು ತಲೆಯಾಡಿಸಿದಳು. "ನಾಖ್‌ನಾಮ, ಬಿಟ್ಟೆ." ಮನೆತನದ ಹೆಸರು ಹೇಳಿ.

ಮಗು ಅಪ್ಪನ ಬಾಯನ್ನೇ ನೋಡುತ್ತಿತ್ತು, ಬೆಳಿಗ್ಗೆ ಬಿಸ್ಕತ್ತು ಕೆನ್ನೆಯಲ್ಲಿಟ್ಟುಕೊಂಡು ನೋಡಿದ್ದ ಹಾಗೆಯೇ. ಹಲಗೆಯ ಮೇಲೆ ಇವರಿಬ್ಬರ ನಡುವೆ ಬಾಗಿದ ಕುತ್ತಿಗೆಯ ಮೈಕು. ಅದರ ಬುಡದಲ್ಲಿ ಜೋಳದ ಕಾಳಿನಷ್ಟು ಒಂದು ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ಅವನು ನೋಡಿರಲಿಲ್ಲ ಎಂದು ಆಮೇಲೆ ಯಾರಾದರೂ ಹೇಳಿದರೆ ಅದು ಸುಳ್ಳು. ನೋಡಿದ. ಅದರ ಮೇಲೆ ಒಂದು ಬೆರಳಿಟ್ಟರೆ ಸಾಕಿತ್ತು, ಮೈಕು ಆರುತ್ತಿತ್ತು. ಬೆರಳನ್ನು ಮುಷ್ಟಿಯೊಳಗೆ ಮಡಚಿ, ಬಗ್ಗಿ, ಬಾಯನ್ನು ಹತ್ತಿರ ತಂದು, ಕೆರೆಯಾಚೆಗೆ ಸಾರುವ ಗಂಟಲಿನಲ್ಲಿ ಹೇಳಿದ:

"ಕೆಂಪಯ್ಯ."

ಕಂಬ ಕಂಬವೂ ಅದನ್ನು ಎತ್ತಿಕೊಂಡಿತು. ಎದುರು ಬೆಟ್ಟ ಒಂದು ಕ್ಷಣ ತಡೆದು, ಬಾಲವನ್ನಷ್ಟೇ ಹಿಂದಿರುಗಿಸಿತು: ಅಯ್ಯ. ಹೆಂಗಸು ಬೆಚ್ಚಿ ದೀಪ ಆರಿಸಿದಳು. "ಇಷ್ಟು ಜೋರಾಗಿ ಬೇಕಿರಲಿಲ್ಲ, ಹೆರ್ ಕೆಂಪಯ್ಯ," ಎಂದು ನಕ್ಕಳು. ಇಂಚರ ಸ್ಟೂಲಿನಿಂದ ಧುಮುಕಿದಳು.

ಜಾರುಬಂಡಿಯ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು ಸುಹಾಸ್ ಕೆಳಗೆ ನೋಡಿದ. ಬಿಳಿ ಪಟ್ಟಿಯ ತುದಿಯಲ್ಲಿ, ಎಲ್ಲರೂ ಇಳಿಯುವ ದಾರಿಗೆ ಸರಿಯಾಗಿ ಅಡ್ಡಲಾಗಿ, ಯತಿರಾಜ್ ನಿಂತಿದ್ದ. ಕತ್ತು ಮೇಲೆತ್ತಿ ಕಂಬದ ತುದಿಯ ಧ್ವನಿವರ್ಧಕವನ್ನೇ ನೋಡುತ್ತಿದ್ದ, ಅದರೊಳಗಿಂದ ಯಾರಾದರೂ ಇಳಿದು ಬಂದು ವಿವರಣೆ ಕೊಟ್ಟಾರು ಎಂಬಂತೆ. ಪಕ್ಕದಲ್ಲಿ ಲಾವಣ್ಯಾ ಸೆರಗನ್ನು ಹೊದ್ದು ಜಾಕೆಟ್ಟಿನ ಜಿಪ್ಪು ಎಳೆದುಕೊಳ್ಳುತ್ತಿದ್ದಳು. ಡೆನಿಸ್ ಮಾತ್ರ ಫೋನನ್ನು ಬೆಟ್ಟದ ತಲೆಯ ಕಡೆಗೆ ಹಿಡಿದಿದ್ದ. ಸುಹಾಸ್ ಹಿಮ್ಮಡಿಯಿಂದ ಒದ್ದ. ಯಂತ್ರದ ಹಿಮ ಗಡುಸಾಗಿತ್ತು, ಬಂಡಿ ಹಾರಿತು, ಗಾಳಿ ಕಣ್ಣೀರು ಬರಿಸಿತು. ಅದು ಗಾಳಿಯದೇ ಇರಬೇಕು.

"ಬಾನ್ ಫ್ರೈ!" ಎಂದು ಕಿರುಚಿದಳು ಇಂಚರ.

ಯತಿರಾಜ್ ಕತ್ತು ಇಳಿಸಿ ನೋಡಿದ. ಕದಲಲಿಲ್ಲ. ಬರುತ್ತಿರುವುದು ಯಾರೆಂದು ಅವನಿಗೆ ಕಾಣುತ್ತಿತ್ತು. ಅಂಥವನು ಬಂದಾಗ ಸರಿಯಬೇಕಾದವನು ತಾನು ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ.

"ದಾರಿ ಬಿಡಿ!" ಎಂದ ಸುಹಾಸ್. ಆ ಗಂಟಲು ಮತ್ತೆ ಸಣ್ಣದಾಗಲಿಲ್ಲ. "ಕೆಂಪಯ್ಯ ಬತ್ತಾವ್ನೆ, ದಾರಿ ಬಿಡಿ!"

ಕೊನೆಯ ಗಳಿಗೆಯಲ್ಲಿ ಯತಿರಾಜ್ ಪಕ್ಕಕ್ಕೆ ನೆಗೆದ. ಪಟ್ಟಿ ಮುಗಿಯುವಲ್ಲಿ ಎಲ್ಲರ ಬೂಟುಗಳು ಕಲಸಿದ್ದ ರೊಚ್ಚೆಯಲ್ಲಿ ಮೊಣಕೈಯವರೆಗೆ ಕುಸಿದು ಕೂತ. ಬಂಡಿ ಹುಲ್ಲಿಗೆ ತಾಕಿ ನಿಂತಿತು. ಯತಿರಾಜ್ ಎದ್ದು, ಕಪ್ಪು ನೀರು ತೊಟ್ಟಿಕ್ಕುವ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು, ಸುಹಾಸನನ್ನು ನೋಡಿದ. ಗುರು ಎನ್ನಲಿಲ್ಲ, ಕಶ್ಯಪ್ ಎನ್ನಲಿಲ್ಲ. ಏನೆನ್ನಬೇಕೆಂದು ಹುಡುಕಿ, ಕೊನೆಗೆ ಅಂಗಡಿಯವನ ಜೊತೆ ಮಾತಾಡುವ ದನಿ ತಂದುಕೊಂಡ.

"ಏನ್ರೀ ಇದು... ಮೊದಲೇ ಹೇಳಬಾರದಿತ್ತೇನ್ರೀ? ನಾವು ಅದೆಲ್ಲಾ ನೋಡೋರೇ ಅಲ್ಲಪ್ಪ."

"ಯಾವುದೆಲ್ಲಾ?" ಎಂದ ಸುಹಾಸ್.

ಯತಿರಾಜ್ ಹೆಂಡತಿಯ ಕಡೆ ನೋಡಿದ. ಅವಳು ಬೂಟಿನ ಕೆಸರು ನೋಡುತ್ತಿದ್ದಳು. ಸುಹಾಸ್ ತನ್ನ ಮುಖ ಏನು ಮಾಡುತ್ತಿದೆಯೆಂದು ಒಳಗಿನಿಂದಲೇ ತಡಕಿ ನೋಡಿಕೊಂಡ. ಅದು ನಗುತ್ತಿರಲಿಲ್ಲ.

"ನೋಖ್ ಮಾಲ್!" ಎಂದು ಇಂಚರ ಹಗ್ಗ ಎಳೆದಳು. ಇನ್ನೊಂದು ಸಲ.

"ನಡಿ," ಎಂದ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಈ ಸಲ ನೇರ ದಾರಿಯಲ್ಲಿ, ಮರಗಳಂಚಿನ ಆ ತಗ್ಗಿನ ನಡುವೆಯೇ ಹಾದು ಹತ್ತತೊಡಗಿದ. ಮಗು ಹಿಂದೆ ಬಂತು, ಹೆಜ್ಜೆ ಬೀಳದೆ ಉಳಿದಿದ್ದ ಜಾಗಗಳನ್ನು ಹುಡುಕಿ ಹುಡುಕಿ ಬೂಟುಗಾಲಿನಿಂದ ಒತ್ತುತ್ತ.